ಗೇರುಬೀಜದ ಖರೀದಿ: ಘಾನಾದ ಸಾಂಪಾ ಪಟ್ಟಣಕ್ಕೆ ಕಿರು ಭೇಟಿಯ ಯೋಜನೆ

ಮಂಗಳೂರು, ಕಾರ್ಕಳ, ಕುಂದಾಪುರ ಹಾಗೂ ಪುತ್ತೂರು ಭಾಗದ ಗೋಡಂಬಿ ಕಾರ್ಖಾನೆಗಳಿಗೆ ಸ್ಥಳೀಯ ಗೇರುಬೀಜ ವರ್ಷವಿಡೀ ಸಾಲುವುದಿಲ್ಲ. ಆದ್ದರಿಂದ ಪಶ್ಚಿಮ ಆಫ್ರಿಕಾದ ಕಚ್ಚಾ ಬೀಜವನ್ನು ಆಮದು ಮಾಡಿಕೊಳ್ಳುವುದು ಅನಿವಾರ್ಯವಾಗಿದೆ. ಒಪ್ಪಂದದಲ್ಲಿ ನಮೂದಾದ ಗುಣಮಟ್ಟಕ್ಕೂ ಗೋದಾಮಿಗೆ ಬಂದಿಳಿದ ಸರಕಿಗೂ ವ್ಯತ್ಯಾಸ ಕಂಡುಬಂದಾಗ, ಸರಕು ಹೊರಡುವ ಸ್ಥಳವನ್ನೇ ಒಮ್ಮೆ ನೋಡಿ ಬರಬೇಕೆಂದು ಉದ್ಯಮಿಗೆ ಅನಿಸುವುದು ಸಹಜ. ಅಂತಹ ಭೇಟಿಯ ಲಾಭ-ನಷ್ಟವನ್ನು ಟಿಕೆಟ್ ಕಾದಿರಿಸುವ ಮೊದಲೇ ಲೆಕ್ಕ ಹಾಕಬೇಕು. ಘಾನಾದ ಬೋನೋ ಪ್ರಾಂತ್ಯದಲ್ಲಿ, ಐವರಿ ಕೋಸ್ಟ್ ಗಡಿಗೆ ಹೊಂದಿಕೊಂಡಿರುವ ಸಾಂಪಾ ಎಂಬ ಸಣ್ಣ ಪಟ್ಟಣವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಅದು ಗೇರುಬೀಜದ ಪ್ರಮುಖ ವ್ಯಾಪಾರ ಕೇಂದ್ರ.

ಭೇಟಿ ಲಾಭದಾಯಕವೇ?

ಕಚ್ಚಾ ಬೀಜದ ಇಳುವರಿಯನ್ನು 80 ಕಿಲೋಗ್ರಾಂ ಚೀಲಕ್ಕೆ ದೊರೆಯುವ ತಿರುಳಿನ ಪೌಂಡುಗಳಲ್ಲಿ ಹೇಳುವುದು ವಾಡಿಕೆ. ಒಂದು ಕಿಲೋಗ್ರಾಂ ಬೀಜವನ್ನು ಕತ್ತರಿಸಿದಾಗ ಒಳಸಿಪ್ಪೆಸಹಿತ ಉಪಯುಕ್ತ ತಿರುಳು 272 ಗ್ರಾಂ ಬಂದರೆ ಇಳುವರಿ ಸುಮಾರು 48 ಪೌಂಡು. 255 ಗ್ರಾಂ ಬಂದರೆ ಸುಮಾರು 45 ಪೌಂಡು. ಕಲೆ ಬಿದ್ದ ತಿರುಳಿನ ತೂಕದಲ್ಲಿ ಅರ್ಧವನ್ನು ಮಾತ್ರ ಗಣನೆಗೆ ತೆಗೆದುಕೊಳ್ಳಲಾಗುತ್ತದೆ.

15 ಟನ್ ಸರಕಿನ ಒಂದು ಕಂಟೇನರಿನಲ್ಲಿ 3 ಪೌಂಡು ಕೊರತೆಯಾದರೆ ಸುಮಾರು 255 ಕಿಲೋಗ್ರಾಂ ತಿರುಳು ನಷ್ಟವಾಗುತ್ತದೆ. ಒಳಸಿಪ್ಪೆಸಹಿತ ತಿರುಳಿನ ಬೆಲೆ ಕಿಲೋಗ್ರಾಂಗೆ ರೂ. 500 ಮತ್ತು ಭೇಟಿಯ ಒಟ್ಟು ವೆಚ್ಚ ರೂ. 2,50,000 ಎಂದು ಲೆಕ್ಕಕ್ಕಾಗಿ ಭಾವಿಸೋಣ. ಒಂದು ಕಂಟೇನರಿನ ನಷ್ಟ ರೂ. 1,27,500; ಎರಡರದು ರೂ. 2,55,000. ಅಂದರೆ ಒಂದೇ ಕಂಟೇನರ್ ತರಿಸುವವರಿಗೆ ಈ ಭೇಟಿ ಹೊರೆ. ಎರಡು ತರಿಸುವವರಿಗೆ ಸರಿಸಮ. ಅದಕ್ಕಿಂತ ಹೆಚ್ಚು ತರಿಸುವವರಿಗೆ ಮಾತ್ರ ಲಾಭ. ಸಣ್ಣ ಘಟಕಗಳು ಮೂರು-ನಾಲ್ಕು ಸೇರಿ, ಬೀಜ ಪರೀಕ್ಷೆಯಲ್ಲಿ ಅನುಭವವುಳ್ಳ ಒಬ್ಬರನ್ನು ಕಳುಹಿಸಿ ವೆಚ್ಚವನ್ನು ಹಂಚಿಕೊಳ್ಳುವುದು ವಿವೇಕ. ಪ್ರತಿಯೊಬ್ಬ ಉದ್ಯಮಿಯೂ ತನ್ನದೇ ಬೆಲೆ ಮತ್ತು ವೆಚ್ಚಗಳನ್ನು ಹಾಕಿ ಈ ಲೆಕ್ಕವನ್ನು ಮರಳಿ ಮಾಡಿಕೊಳ್ಳಬೇಕು.

ಹೊರಡುವ ಮುನ್ನ

ಘಾನಾದ ಕೊಯ್ಲು ಮುಖ್ಯವಾಗಿ ಫೆಬ್ರವರಿಯಿಂದ ಮೇ ವರೆಗೆ ನಡೆಯುತ್ತದೆ. ಈ ಅವಧಿಯಲ್ಲಿ ಮಾರ್ಚ್ 6ರ ಸ್ವಾತಂತ್ರ್ಯ ದಿನ, ಶುಭ ಶುಕ್ರವಾರ ಹಾಗೂ ಈಸ್ಟರ್ ಸೋಮವಾರಗಳಂದು ಸರಕಾರಿ ರಜೆ ಇರುವುದರಿಂದ ಆ ದಿನಗಳನ್ನು ಬಿಟ್ಟು ಯೋಜಿಸಬೇಕು.

ಭಾರತೀಯರಿಗೆ ವೀಸಾ ಅಗತ್ಯ. ವ್ಯವಹಾರದ ಉದ್ದೇಶವನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ತಿಳಿಸಬೇಕು. ಹಳದಿ ಜ್ವರದ ಲಸಿಕೆ ಕಡ್ಡಾಯ. ಇದನ್ನು ಅಧಿಕೃತ ಕೇಂದ್ರದಲ್ಲಿಯೇ ಪಡೆಯಬೇಕು. ಪ್ರಮಾಣಪತ್ರವು ಲಸಿಕೆ ಪಡೆದ 10 ದಿನಗಳ ನಂತರವೇ ಊರ್ಜಿತವಾಗುತ್ತದೆ. 2016ರ ಜುಲೈಯಿಂದ ಅದಕ್ಕೆ ಜೀವನಪರ್ಯಂತ ಮಾನ್ಯತೆ ಇದೆ. ಪ್ರಮಾಣಪತ್ರವಿಲ್ಲದೆ ಹಿಂದಿರುಗುವವರನ್ನು ಭಾರತದಲ್ಲಿ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯಾ ತಡೆಗೆ ವೈದ್ಯರ ಸಲಹೆಯಂತೆ ಮಾತ್ರೆ ಸೇವಿಸಬೇಕು. ಮರಳಿದ ನಂತರ ಜ್ವರ ಬಂದರೆ ಪ್ರಯಾಣದ ವಿಷಯವನ್ನು ವೈದ್ಯರಿಗೆ ಮೊದಲು ಹೇಳಬೇಕು.

ದಿನಗಳ ಹಂಚಿಕೆ

ಮುಂಬಯಿಯಿಂದ ಅಡಿಸ್ ಅಬಾಬಾ ಅಥವಾ ದುಬೈ ಮಾರ್ಗವಾಗಿ ಅಕ್ರಾ ತಲುಪಬಹುದು. ಅಲ್ಲಿಂದ ಬೋನೋ ಪ್ರಾಂತ್ಯದ ರಾಜಧಾನಿ ಸುನ್ಯಾನಿಗೆ ರಸ್ತೆಯಲ್ಲಿ ಸುಮಾರು 400 ಕಿಲೋಮೀಟರ್. ದೇಶೀಯ ವಿಮಾನ ದೊರೆತರೆ ಒಂದು ದಿನ ಉಳಿಯುತ್ತದೆ. ಸುನ್ಯಾನಿಯಿಂದ ಬೆರೆಕುಮ್ ಮತ್ತು ಡ್ರೋಬೊ ಮೂಲಕ ಸಾಂಪಾ ಸೇರಬೇಕು. ರಾತ್ರಿ ಪ್ರಯಾಣ ಬೇಡ. ಎಂಟು ದಿನಗಳ ಪ್ರವಾಸದಲ್ಲಿ ಎರಡು ಪೂರ್ಣ ದಿನಗಳನ್ನು ಸಾಂಪಾಕ್ಕೂ, ಒಂದು ದಿನವನ್ನು ಸರಕು ಹಡಗೇರುವ ತೇಮಾ ಬಂದರಿಗೂ ಮೀಸಲಿಡುವುದು ಸೂಕ್ತ. ಭಾರತದಲ್ಲಿ ಸಂಜೆ 4 ಗಂಟೆಯಾದಾಗ ಘಾನಾದಲ್ಲಿ ಬೆಳಿಗ್ಗೆ 10.30. ಆದ್ದರಿಂದ ಇಲ್ಲಿನ ಬ್ಯಾಂಕಿನೊಡನೆ ಮಾತನಾಡುವುದಿದ್ದರೆ ಬೆಳಿಗ್ಗೆಯೇ ಮುಗಿಸಬೇಕು.

ಸ್ಥಳದಲ್ಲಿ ಪರಿಶೀಲನೆ

ಕತ್ತರಿ, ಸಣ್ಣ ತಕ್ಕಡಿ ಹಾಗೂ ತೇವಾಂಶ ಮಾಪಕವನ್ನು ಜೊತೆಗೆ ಒಯ್ಯಬೇಕು. ಮಾರಾಟಗಾರನು ತೋರಿಸಿದ ಮಾದರಿಗೆ ತೃಪ್ತರಾಗದೆ ರಾಶಿಯ ಮೇಲಿನ, ನಡುವಿನ ಮತ್ತು ಬುಡದ ಚೀಲಗಳಿಂದ ಬೀಜ ತೆಗೆದು ಪರೀಕ್ಷಿಸಬೇಕು. ಫಲಿತಾಂಶವನ್ನು ಇಬ್ಬರ ಸಹಿಯೊಂದಿಗೆ ಅಲ್ಲಿಯೇ ಬರೆದಿಡಬೇಕು. ಮುಂದೆ ವಿವಾದ ಉಂಟಾದರೆ ಇದೇ ಆಧಾರ.

ಗಡಿಯ ಪಟ್ಟಣವಾದ ಕಾರಣ ಸರಕಿನ ಮೂಲವನ್ನೂ ವಿಚಾರಿಸಬೇಕು. ಐವರಿ ಕೋಸ್ಟ್ ತನ್ನ ಕಚ್ಚಾ ಗೇರುಬೀಜವನ್ನು ಭೂಮಾರ್ಗವಾಗಿ ಹೊರಕಳುಹಿಸಲು ಅನುಮತಿಸುವುದಿಲ್ಲ. ಹಾಗಿದ್ದೂ ಗಡಿಯಾಚೆಯ ಬೀಜ ಕಳ್ಳಮಾರ್ಗದಲ್ಲಿ ಘಾನಾಕ್ಕೆ ಬರುವುದುಂಟು. ಮೂಲ ಪ್ರಮಾಣಪತ್ರ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಸರಿಯಿಲ್ಲದಿದ್ದರೆ ಅದರ ಪರಿಣಾಮವನ್ನು ಭಾರತದ ಬಂದರಿನಲ್ಲಿ ಆಮದುದಾರನೇ ಎದುರಿಸಬೇಕಾಗುತ್ತದೆ. 2019ರ ಕಾಯ್ದೆಯಡಿ ರಚಿತವಾದ ಘಾನಾದ ಮರಬೆಳೆ ಅಭಿವೃದ್ಧಿ ಪ್ರಾಧಿಕಾರವು ಗೇರುಬೀಜ ವ್ಯಾಪಾರವನ್ನು ನಿಯಂತ್ರಿಸುತ್ತದೆ. ಮಾರಾಟಗಾರನ ಪರವಾನಗಿಯನ್ನು ಅಲ್ಲಿ ಖಚಿತಪಡಿಸಿಕೊಳ್ಳಬೇಕು. ಬೆಳೆಗಾರರಿಂದ ನೇರವಾಗಿ ಖರೀದಿಸಲು ಹೋಗಬಾರದು. ಕುತೂಹಲಕ್ಕೆಂದು ಗಡಿ ದಾಟುವುದೂ ಸಲ್ಲದು. ಆಚೆ ಬೇರೆ ವೀಸಾ ಬೇಕು, ನಾಣ್ಯವೂ ಬೇರೆ.

ಸಾಂಪಾದಲ್ಲಿ ನಫಾನಾ ಸಮುದಾಯದವರು ನೆಲೆಸಿದ್ದಾರೆ. ಘಾನಾದ ಆಡಳಿತ ಭಾಷೆ ಇಂಗ್ಲಿಷ್ ಆದ್ದರಿಂದ ವ್ಯವಹಾರ ಕಷ್ಟವಲ್ಲ. ಮೊದಲು ಕುಶಲ ವಿಚಾರಿಸಿ ನಂತರ ಬೆಲೆಯ ಮಾತೆತ್ತಬೇಕು. ಕೊಡುವುದು, ಪಡೆಯುವುದು ಬಲಗೈಯಲ್ಲೇ ಆಗಬೇಕು. ನಮ್ಮಲ್ಲಿಯೂ ಇದೇ ರೂಢಿ.

ಹಣ ಮತ್ತು ಲೆಕ್ಕಪತ್ರ

ವಿದೇಶಿ ನೋಟುಗಳನ್ನು ಪ್ರತಿ ಪ್ರಯಾಣಕ್ಕೆ 3,000 ಡಾಲರ್ ವರೆಗೆ ಪಡೆಯಬಹುದು. ಉಳಿದುದನ್ನು ಕಾರ್ಡಿನ ರೂಪದಲ್ಲಿ ಒಯ್ಯಬೇಕು. ಸಣ್ಣ ಪಟ್ಟಣದಲ್ಲಿ ಕಾರ್ಡನ್ನು ನಂಬಿ ಕೂರುವಂತಿಲ್ಲ. ಅಕ್ರಾದ ಬ್ಯಾಂಕಿನಲ್ಲಿ ಅಥವಾ ಪರವಾನಗಿ ಪಡೆದ ವಿನಿಮಯ ಕೇಂದ್ರದಲ್ಲಿ ಅಗತ್ಯವಿರುವಷ್ಟು ಸೇಡಿ ನಾಣ್ಯ ಪಡೆದು ರಶೀದಿ ಇಟ್ಟುಕೊಳ್ಳಬೇಕು. ಸರಕಿನ ಮುಂಗಡವನ್ನು ಯಾವ ಕಾರಣಕ್ಕೂ ಸ್ಥಳದಲ್ಲಿ ನಗದಾಗಿ ನೀಡಬಾರದು. ಅದು ಒಪ್ಪಂದ ಆದ ಬಳಿಕ ಅಧಿಕೃತ ಬ್ಯಾಂಕಿನ ಮೂಲಕವೇ ಹೋಗಬೇಕು.

ಟಿಕೆಟ್ ಮತ್ತು ವಸತಿಯ ಬಿಲ್ಲುಗಳು ಸಂಸ್ಥೆಯ ಹೆಸರಿನಲ್ಲಿರಲಿ. ಭೇಟಿಯ ಉದ್ದೇಶ, ಭೇಟಿಯಾದವರು, ಪರೀಕ್ಷೆಯ ಫಲಿತಾಂಶ ಇವುಗಳ ದಿನವಾರು ಟಿಪ್ಪಣಿ ಇದ್ದರೆ ಆದಾಯ ತೆರಿಗೆ ಅಧಿಕಾರಿಗಳ ಮುಂದೆ ಈ ವೆಚ್ಚವನ್ನು ವ್ಯವಹಾರದ ವೆಚ್ಚವೆಂದು ಸಮರ್ಥಿಸಬಹುದು. ಸ್ವಂತದ ವಿಹಾರದ ಖರ್ಚನ್ನು ಬೇರೆಯಾಗಿಯೇ ತೋರಿಸಬೇಕು. ಮರಳಿದ ಮೇಲೆ 2,000 ಡಾಲರಿಗಿಂತ ಹೆಚ್ಚು ಉಳಿದಿದ್ದರೆ ಹೆಚ್ಚುವರಿಯನ್ನು 180 ದಿನಗಳೊಳಗೆ ಬ್ಯಾಂಕಿಗೆ ಒಪ್ಪಿಸಬೇಕು.

ನಿಯಮಗಳು ಋತುವಿನ ನಡುವೆಯೂ ಬದಲಾಗಬಹುದು. 2016ರಲ್ಲಿ ಘಾನಾ ಸರಕಾರ ಕಚ್ಚಾ ಬೀಜದ ರಫ್ತಿಗೆ ಋತುಮಾನದ ನಿರ್ಬಂಧ ಹೇರಲು ಹೊರಟು, ವಿರೋಧ ಬಂದಾಗ ಹಿಂತೆಗೆದುಕೊಂಡಿತು. ಆದುದರಿಂದ ಹೊರಡುವ ವಾರ ಎಲ್ಲವನ್ನೂ ಮತ್ತೊಮ್ಮೆ ಖಚಿತಪಡಿಸಿಕೊಳ್ಳತಕ್ಕದ್ದು. ಭೇಟಿ ಮುಗಿಸಿ ಬರುವಾಗ ಉದ್ಯಮಿಯ ಕೈಯಲ್ಲಿ ಮೂರು ಉತ್ತರಗಳಿರಬೇಕು: ಇಳುವರಿ ಎಷ್ಟು, ಸರಕು ಎಲ್ಲಿಯದು, ಮಾರಾಟಗಾರ ಯಾರು. ಇವುಗಳಲ್ಲಿ ಒಂದಕ್ಕೆ ಉತ್ತರ ದೊರೆಯದಿದ್ದರೂ ಒಪ್ಪಂದಕ್ಕೆ ಸಹಿ ಹಾಕದೆ ಮರಳುವುದೇ ಕ್ಷೇಮ.