ನ್ಯಾಯದ ಮೊದಲ ಮೆಟ್ಟಿಲು

ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಪಡಿಸಿ, ಯಾವುದೇ ರೂಪದಲ್ಲಿ ಅದರ ಆಚರಣೆಯನ್ನು ನಿಷೇಧಿಸಿದೆ. ಇದಕ್ಕೆ ಬಲ ನೀಡಲು 1955ರಲ್ಲಿ ಬಂದ ಕಾನೂನು, 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮವೆಂಬ ಹೆಸರು ಪಡೆಯಿತು. ಆದರೂ ಹಲ್ಲೆ, ಅವಮಾನ, ಭೂಮಿಯ ಅಪಹರಣ ನಿಲ್ಲಲಿಲ್ಲ. ಆದ್ದರಿಂದ ಸಂಸತ್ತು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ತಡೆ) ಅಧಿನಿಯಮ, 1989ನ್ನು ರಚಿಸಿತು. ಅದು 1990ರ ಜನವರಿ 30ರಂದು ಜಾರಿಗೆ ಬಂದಿತು.

ಕಾನೂನು ಎಷ್ಟೇ ಬಲವಾಗಿದ್ದರೂ, ನೊಂದವರ ಮಾತು ಪೊಲೀಸ್ ಠಾಣೆಯಲ್ಲಿ ದಾಖಲಾಗದಿದ್ದರೆ ನ್ಯಾಯದ ದಾರಿ ಅಲ್ಲಿಯೇ ಮುಚ್ಚಿಹೋಗುತ್ತದೆ. ಈ ಮೊದಲ ಮೆಟ್ಟಿಲನ್ನು ಕುರಿತು 1995ರ ನಿಯಮಗಳು ಸ್ಪಷ್ಟವಾಗಿವೆ. ದೂರನ್ನು ಬಾಯಿಮಾತಿನಲ್ಲಿಯೂ ನೀಡಬಹುದು. ಠಾಣಾಧಿಕಾರಿಯು ಅದನ್ನು ಬರೆದುಕೊಂಡು, ಓದಿ ಹೇಳಿ, ಸಹಿ ಪಡೆಯತಕ್ಕದ್ದು. ಅದರ ಪ್ರತಿಯನ್ನು ಉಚಿತವಾಗಿ ಕೊಡತಕ್ಕದ್ದು. ಅಧಿಕಾರಿಯು ನಿರಾಕರಿಸಿದರೆ, ದೂರಿನ ಸಾರಾಂಶವನ್ನು ಅಂಚೆಯ ಮೂಲಕ ಪೊಲೀಸ್ ಸೂಪರಿಂಟೆಂಡೆಂಟರಿಗೆ ಕಳುಹಿಸಬಹುದು. ಪರಿಶಿಷ್ಟ ವರ್ಗಗಳಿಗೆ ಸೇರದ ಸರ್ಕಾರಿ ನೌಕರನು ಬೇಕೆಂದೇ ಕರ್ತವ್ಯ ಲೋಪವೆಸಗಿದರೆ, ಅವನಿಗೆ 6 ತಿಂಗಳಿಂದ 1 ವರ್ಷದವರೆಗೆ ಕಾರಾಗೃಹ ಶಿಕ್ಷೆ ವಿಧಿಸಬಹುದು. ದೂರು ದಾಖಲಿಸುವ ಮುನ್ನ ಪ್ರಾಥಮಿಕ ವಿಚಾರಣೆ ಬೇಕಿಲ್ಲವೆಂದು 2018ರ ತಿದ್ದುಪಡಿ ಸಾರಿದೆ.

ಹೊರನಾಡಿನಲ್ಲಿ ದುಡಿಯುವವರಿಗೆ ಮತ್ತೊಂದು ಸಂದೇಹವುಂಟು. ಕರ್ನಾಟಕದಲ್ಲಿ ಪರಿಶಿಷ್ಟವೆನಿಸಿದ ಜಾತಿಯು ಇನ್ನೊಂದು ರಾಜ್ಯದ ಪಟ್ಟಿಯಲ್ಲಿ ಇಲ್ಲದಿದ್ದರೆ, ಅಲ್ಲಿ ಈ ಕಾನೂನು ಅನ್ವಯಿಸುವುದೇ? ಮೀಸಲಾತಿಯ ಸೌಲಭ್ಯವು ಸಾಮಾನ್ಯವಾಗಿ ರಾಜ್ಯದ ಪಟ್ಟಿಗೆ ಕಟ್ಟುಬಿದ್ದಿದೆ. ಆದರೆ ದೌರ್ಜನ್ಯದಿಂದ ರಕ್ಷಣೆಯ ವಿಷಯ ಬೇರೆ. ಮೂಲ ರಾಜ್ಯದಲ್ಲಿ ಪರಿಶಿಷ್ಟರಾದವರಿಗೆ, ಅಪರಾಧವು ದೇಶದ ಯಾವ ಭಾಗದಲ್ಲಿ ನಡೆದರೂ ಈ ಅಧಿನಿಯಮದ ರಕ್ಷಣೆ ಇದೆಯೆಂದು ಬೊಂಬಾಯಿ ಉಚ್ಚ ನ್ಯಾಯಾಲಯದ ಪೂರ್ಣಪೀಠವು 2023ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಆದ್ದರಿಂದ ಊರಿನಿಂದ ತಂದ ಜಾತಿ ಪ್ರಮಾಣಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಳಿತು.

ದೂರು ದಾಖಲಾದ ಮೇಲೆ ನೊಂದವರು ಒಂಟಿಯಲ್ಲ. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಮೇರೆಗೆ ಪರಿಶಿಷ್ಟ ಜಾತಿ, ಪಂಗಡಗಳವರು ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ತನಿಖೆ ಮತ್ತು ವಿಚಾರಣೆಗಾಗಿ ಹೋಗಿಬರುವ ಖರ್ಚು ಮತ್ತು ದಿನಭತ್ಯೆ ಅವರಿಗೂ ಸಾಕ್ಷಿಗಳಿಗೂ ಸಲ್ಲತಕ್ಕದ್ದು. ಬೆದರಿಕೆಯಿಂದ ರಕ್ಷಣೆ ಪಡೆಯುವ ಹಕ್ಕನ್ನು 2015ರ ತಿದ್ದುಪಡಿಯು ಸ್ಪಷ್ಟಪಡಿಸಿದೆ. ವಿಶೇಷ ನ್ಯಾಯಾಲಯವು ಆರೋಪಪಟ್ಟಿ ಸಲ್ಲಿಕೆಯಾದ 2 ತಿಂಗಳೊಳಗೆ, ಸಾಧ್ಯವಾದಷ್ಟು ಮಟ್ಟಿಗೆ, ಮೊಕದ್ದಮೆಯನ್ನು ಮುಗಿಸಬೇಕು.

ಈ ಗಡುವುಗಳು ಎಲ್ಲೆಡೆ ಪಾಲನೆಯಾಗುತ್ತಿಲ್ಲವೆಂಬುದು ನಿಜ. ಹಾಗೆಂದೇ ದೂರಿನ ಪ್ರತಿಯನ್ನು ಕೇಳಿ ಪಡೆಯುವುದು ಮುಖ್ಯ. ಮುಂದಿನ ಪ್ರತಿಯೊಂದು ಹಕ್ಕನ್ನು ಕೇಳಲು ಆ ಹಾಳೆಯೇ ಆಧಾರ.