ತಾಲೀಮಿಗೆ ಹೋಗು, ಪುಟ್ಟಿ

ಸಾಗರ

ಪ್ರೀತಿಯ ಪುಟ್ಟಿಗೆ ಅಜ್ಜ ಮಾಡುವ ಆಶೀರ್ವಾದಗಳು.

ನಿನ್ನ ಅಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ಮೊದಲ ಆರು ವಾರದ ಅಂಕಪಟ್ಟಿಯಲ್ಲಿ ಕೆಮಿಸ್ಟ್ರಿಗೆ 66 ಬಂದಿದೆಯಂತೆ. 70 ಮುಟ್ಟದವರು ಮೂರು ವಾರ ಸ್ಪರ್ಧೆಗೆ ಇಳಿಯುವಂತಿಲ್ಲ ಎನ್ನುವುದು ನಿಮ್ಮ ಟೆಕ್ಸಸ್‌ನ ಕಾನೂನು. ಆ ಮೂರು ವಾರದೊಳಗೇ ನಿಮ್ಮ ಮಾರ್ಚಿಂಗ್ ಬ್ಯಾಂಡಿನ ರೀಜನ್ ಸ್ಪರ್ಧೆ ಬರುತ್ತದೆ. ಬೇಸಿಗೆಯಿಡೀ ಬಿಸಿಲಲ್ಲಿ ನಡೆದು ಕಲಿತದ್ದನ್ನು ತೋರಿಸಬೇಕಾದ ದಿನ ನೀನು ಗ್ಯಾಲರಿಯಲ್ಲಿ ಕೂರಬೇಕು. ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ನಿನ್ನ ಅಮ್ಮ ಕೊನೆಗೆ ಹೇಳಿದ ಮಾತು. ಇನ್ನು ತಾಲೀಮಿಗೂ ಹೋಗುವುದಿಲ್ಲ ಎಂದು ಕ್ಲಾರಿನೆಟ್ಟನ್ನು ಪೆಟ್ಟಿಗೆಗೆ ಹಾಕಿ ಇಟ್ಟಿದ್ದೀಯಂತೆ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಕೂಸೇ, ನಿನ್ನನ್ನು ತಡೆದು ನಿಲ್ಲಿಸಿದ ಈ ನಿಯಮ ಎಲ್ಲಿಂದ ಬಂತು ಎಂದು ಮೊದಲು ತಿಳಿದುಕೋ. 1983ರಲ್ಲಿ ಟೆಕ್ಸಸ್‌ನ ಗವರ್ನರ್ ಆಗಿದ್ದ ಮಾರ್ಕ್ ವೈಟ್ ಸರ್ಕಾರಿ ಶಾಲೆಗಳ ಸ್ಥಿತಿಗತಿ ಪರಿಶೀಲಿಸಲು ಒಂದು ಸಮಿತಿ ಮಾಡಿದರು. ಅದರ ಮುಖ್ಯಸ್ಥರು ಡಲ್ಲಾಸ್‌ನ ಉದ್ಯಮಿ ರಾಸ್ ಪೆರೋ, ಮುಂದೆ 1992ರಲ್ಲಿ ಅಮೆರಿಕದ ಅಧ್ಯಕ್ಷಗಿರಿಗೆ ಪಕ್ಷೇತರರಾಗಿ ನಿಂತರಲ್ಲ, ಅವರೇ. ಅಲ್ಲಿ ಶುಕ್ರವಾರ ರಾತ್ರಿಯ ಹೈಸ್ಕೂಲ್ ಫುಟ್‌ಬಾಲ್ ಪಂದ್ಯಕ್ಕೆ ಊರಿಗೆ ಊರೇ ಬಂದು ಸೇರುವುದನ್ನು ನೀನು ಕಣ್ಣಾರೆ ಕಂಡಿದ್ದೀ. ಆ ಅಬ್ಬರದಲ್ಲಿ ಪಾಠ ಹಿಂದೆ ಬಿದ್ದಿದೆ ಎಂದು ಪೆರೋ ಊರೂರು ತಿರುಗಿ ಹೇಳಿದರು. ತನ್ನ ಕೋಳಿಯನ್ನು ಪ್ರದರ್ಶನಗಳಿಗೆ ಒಯ್ಯಲು ಶಾಲೆ ತಪ್ಪಿಸುತ್ತಿದ್ದ ಒಬ್ಬ ಹುಡುಗನ ಕಥೆಯನ್ನೂ ಅವರು ಹೇಳುತ್ತಿದ್ದರು. 1984ರ ಬೇಸಿಗೆಯಲ್ಲಿ ಗವರ್ನರ್ ವೈಟ್ ಶಾಸನಸಭೆಯ ವಿಶೇಷ ಅಧಿವೇಶನ ಕರೆದು ಹೌಸ್ ಬಿಲ್ 72 ಎಂಬ ಕಾಯ್ದೆ ತಂದರು. ಒಂದೇ ಒಂದು ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೂ ಆರು ವಾರ ಫುಟ್‌ಬಾಲ್ ಇಲ್ಲ, ಬ್ಯಾಂಡ್ ಇಲ್ಲ, ನಾಟಕ ಇಲ್ಲ, ಚರ್ಚಾಸ್ಪರ್ಧೆ ಇಲ್ಲ. ಜನ ಇದನ್ನು ‘ನೋ ಪಾಸ್, ನೋ ಪ್ಲೇ’ ಎಂದು ಕರೆದರು. ಇವತ್ತಿಗೂ ಅದೇ ಹೆಸರು.

ಆ ಕಾಯ್ದೆ ಮಕ್ಕಳಿಗೆ ಮಾತ್ರ ಗೆರೆ ಎಳೆದು ಸುಮ್ಮನಾಗಲಿಲ್ಲ. ನಾಲ್ಕನೇ ತರಗತಿಯವರೆಗೆ ಒಂದು ಕೋಣೆಯಲ್ಲಿ 22ಕ್ಕಿಂತ ಹೆಚ್ಚು ಮಕ್ಕಳಿರಬಾರದು ಎಂದು ಸರ್ಕಾರವನ್ನು ಕಟ್ಟಿಹಾಕಿತು. ಶಿಕ್ಷಕರ ಸಂಬಳ ಏರಿಸಿತು, ಜೊತೆಗೆ ಅವರಿಗೂ ಪರೀಕ್ಷೆ ಇಟ್ಟಿತು. 1986ರಲ್ಲಿ ಟೆಕ್ಸಸ್‌ನ ಮೇಷ್ಟ್ರುಗಳೆಲ್ಲ ಸಾಲಾಗಿ ಕೂತು ಓದುಬರಹದ ಪರೀಕ್ಷೆ ಬರೆದರು. ಬದುಕಿಡೀ ಮಕ್ಕಳಿಗೆ ಅಂಕ ಹಾಕಿದ ನನಗೆ ಆ ಸಂಗತಿ ಹಿಡಿಸಿತು. ಓದಿನ ಹೊಣೆಯನ್ನು ಹದಿನೈದು ವರ್ಷದ ಮಕ್ಕಳ ಹೆಗಲಿಗೆ ಮಾತ್ರ ಹೊರಿಸದೆ ದೊಡ್ಡವರೂ ಅದರಲ್ಲಿ ಪಾಲು ತೆಗೆದುಕೊಂಡರು.

ಹಾಗೆಂದು ಎಲ್ಲರೂ ಒಪ್ಪಲಿಲ್ಲ. ಕೋಚುಗಳು ಸಿಟ್ಟಾದರು, ತಂಡಗಳು ಬಡವಾದವು, ಹ್ಯೂಸ್ಟನ್ ಕಡೆಯ ಪಾಲಕರು ಕೋರ್ಟಿಗೆ ಹೋದರು. 1985ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟು ಸ್ಪ್ರಿಂಗ್ ಬ್ರಾಂಚ್ ಶಾಲಾ ಜಿಲ್ಲೆಯ ಪ್ರಕರಣದಲ್ಲಿ ತೀರ್ಪು ಕೊಟ್ಟಿತು: ಪಠ್ಯೇತರ ಚಟುವಟಿಕೆಯಲ್ಲಿ ಭಾಗವಹಿಸುವುದು ಮೂಲಭೂತ ಹಕ್ಕಲ್ಲ, ಕಾಯ್ದೆ ಸರಿಯಾಗಿಯೇ ಇದೆ. ಮರುವರ್ಷದ ಚುನಾವಣೆಯಲ್ಲಿ ಮಾರ್ಕ್ ವೈಟ್ ಸೋತರು. ಸೋಲಿನ ಕಾರಣಗಳಲ್ಲಿ ಈ ನಿಯಮವೂ ಒಂದು ಎಂದು ಬಹಳ ಜನ ನಂಬಿದರು. ಅವರು ಹೋದರು, ನಿಯಮ ಉಳಿಯಿತು.

ಅಂದಿನ ವಿರೋಧಿಗಳ ಮಾತಿನಲ್ಲಿ ಒಂದಂತೂ ನನ್ನ ಅನುಭವಕ್ಕೂ ಹೊಂದುತ್ತದೆ. ಕೆಲವು ಮಕ್ಕಳು ಶಾಲೆಗೆ ಬರುವುದೇ ಆಟಕ್ಕಾಗಿ, ಹಾಡಿಗಾಗಿ. ಮನೆಯಲ್ಲಿ ಓದಿಸುವವರಿಲ್ಲದ, ಪಾಠದಲ್ಲಿ ತಡವರಿಸುವ ಮಗುವಿಗೆ ತಾನೂ ಒಂದು ಕೆಲಸಕ್ಕೆ ಬರುತ್ತೇನೆ ಅನ್ನಿಸುವುದು ಮೈದಾನದಲ್ಲಿ. ಅದನ್ನೂ ಆರು ವಾರ ಕಿತ್ತುಕೊಂಡರೆ ಆ ಮಗು ಪುಸ್ತಕ ಹಿಡಿಯುತ್ತದೆಯೋ, ಶಾಲೆಯನ್ನೇ ಬಿಡುತ್ತದೆಯೋ? ನಮ್ಮ ಹೈಸ್ಕೂಲಿನಲ್ಲಿ ತಾಲ್ಲೂಕು ಕ್ರೀಡಾಕೂಟಕ್ಕೆ, ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಕರೆದೊಯ್ಯುತ್ತಿದ್ದವನು ನಾನು. ಗಣಿತದ ತರಗತಿಯಲ್ಲಿ ಬಾಯಿ ಬಿಡದ ಹುಡುಗ ಖೋ ಖೋ ಅಂಕಣದಲ್ಲಿ ತಂಡಕ್ಕೆಲ್ಲ ಕೂಗಿ ಹೇಳುವುದನ್ನು ನೋಡಿದವನಿಗೆ ಈ ಪ್ರಶ್ನೆ ಸುಲಭವಾಗಿ ಬಿಡುವುದಿಲ್ಲ.

1995ರಲ್ಲಿ ಟೆಕ್ಸಸ್ ತನ್ನ ಶಿಕ್ಷಣ ಕಾಯ್ದೆಯನ್ನು ಹೊಸದಾಗಿ ಬರೆಯುವಾಗ ಎರಡು ತಿದ್ದುಪಡಿ ಮಾಡಿತು. ಆರು ವಾರದ ತಡೆಯನ್ನು ಮೂರು ವಾರಕ್ಕೆ ಇಳಿಸಿತು. ಎರಡನೆಯದು ಇನ್ನೂ ದೊಡ್ಡದು: ತಡೆಯ ದಿನಗಳಲ್ಲೂ ವಿದ್ಯಾರ್ಥಿ ಅಭ್ಯಾಸ ಮಾಡಬಹುದು, ತಾಲೀಮಿಗೆ ಬರಬಹುದು. ಪುಟ್ಟಿ, ಇಡೀ ನಿಯಮದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಇದೇ. ಕಾನೂನು ನಿನ್ನಿಂದ ಸ್ಪರ್ಧೆಯ ದಿನವನ್ನಷ್ಟೇ ತೆಗೆದುಕೊಂಡಿದೆ. ಗೆಳತಿಯರ ಪಕ್ಕ ನಿಲ್ಲುವ ಜಾಗವನ್ನು ನಿನಗೇ ಬಿಟ್ಟಿದೆ. ಕಾನೂನೇ ಮುಟ್ಟದ ಆ ಜಾಗವನ್ನು ನೀನಾಗಿಯೇ ಬಿಟ್ಟುಕೊಡಬೇಡ.

ನಿಮ್ಮ ಬ್ಯಾಂಡಿನಲ್ಲಿ ಒಬ್ಬೊಬ್ಬರಿಗೂ ಮೈದಾನದ ಮೇಲೆ ಒಂದು ‘ಡಾಟ್’ ಇರುತ್ತದೆ, ಯಾವ ತಾಳಕ್ಕೆ ಯಾರು ಎಲ್ಲಿ ನಿಲ್ಲಬೇಕು ಎಂದು ಗುರುತು ಮಾಡಿರುತ್ತಾರೆ ಎಂದು ನೀನೇ ನನಗೆ ವಿಡಿಯೋದಲ್ಲಿ ತೋರಿಸಿದ್ದೆ. ಒಬ್ಬರು ತಪ್ಪಿದರೆ ಆಕಾರದಲ್ಲಿ ತೂತು ಬೀಳುತ್ತದೆ ಎಂದಿದ್ದೆ. ಮೂರು ವಾರ ತಾಲೀಮು ಬಿಟ್ಟು ನಾಲ್ಕನೆಯ ವಾರ ಹೋದರೆ ಹೆಜ್ಜೆ ಮರೆತಿರುತ್ತದೆ, ತುಟಿ ಸಡಿಲವಾಗಿರುತ್ತದೆ, ಆ ಡಾಟ್ ಹೆಸರಿಗೆ ಮಾತ್ರ ನಿನ್ನದಾಗಿರುತ್ತದೆ. ನಮ್ಮ ಕಡೆ ಯಕ್ಷಗಾನ ಮೇಳದಲ್ಲಿ ಕಲಿಯುವ ಹುಡುಗನಿಗೆ ವೇಷವಿಲ್ಲದ ರಾತ್ರಿ ಬರುತ್ತದೆ. ಅವನು ಮನೆಗೆ ಹೋಗಿ ಮಲಗುವುದಿಲ್ಲ. ಚೌಕಿಯಲ್ಲಿ ಹಿರಿಯರು ಬಣ್ಣ ಬರೆದುಕೊಳ್ಳುವುದನ್ನು ನೋಡುತ್ತಾನೆ, ಕಿರೀಟ ಕಟ್ಟಲು ಕೈಜೋಡಿಸುತ್ತಾನೆ, ಚೆಂಡೆಯ ಪೆಟ್ಟಿಗೆ ಕಿವಿ ಕೊಟ್ಟು ಬೆಳಗಿನವರೆಗೆ ಕೂರುತ್ತಾನೆ. ಅಂಥ ಹುಡುಗನೇ ಮುಂದೆ ರಂಗಸ್ಥಳ ತುಂಬುವುದು. ನೀನೂ ಹಾಗೆ ಹೋಗು.

ಗೆಳತಿಯರ ಎದುರು ಹೇಗೆ ನಿಲ್ಲಲಿ ಎನ್ನುತ್ತೀಯಂತೆ. ಆ ನಾಚಿಕೆಯಿಂದಲೇ ಎಷ್ಟೋ ಮಕ್ಕಳು ಆಟವನ್ನೂ ಪಾಠವನ್ನೂ ಕಳೆದುಕೊಂಡದ್ದನ್ನು ನಾನು ನೋಡಿದ್ದೇನೆ. ಇಲ್ಲಿ ನಮ್ಮೂರಿನಲ್ಲಿ 70ರ ಕಾನೂನಿಲ್ಲ. ಪಿಯುಸಿಯಲ್ಲಿ ಶೇ. 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ ಎನ್ನುವುದುಂಟು, ಆದರೆ ಅದು ಪರೀಕ್ಷೆಯ ಮಾತು. ಆಟಕ್ಕೆ ಮಾತ್ರ ಯಾರೂ ಬರೆದಿಡದ ನಿಯಮವೊಂದಿದೆ. ಎಸ್ಸೆಸ್ಸೆಲ್ಸಿಗೆ ಬಂದ ಕೂಡಲೇ ಆಟದ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ. ಸಂಗೀತದ ಪಾಠ ನಿಲ್ಲುತ್ತದೆ. ಹೆಣ್ಣುಮಕ್ಕಳ ವಾಲಿಬಾಲು ಅಲ್ಲಿಗೇ ಮುಗಿಯುತ್ತದೆ. ಪರೀಕ್ಷೆ ಮುಗಿದ ಮೇಲೆ ಮತ್ತೆ ಕಲಿಯುವಿಯಂತೆ ಎನ್ನುತ್ತಾರೆ, ಆ ‘ಮತ್ತೆ’ ಹೆಚ್ಚಿನವರಿಗೆ ಬರುವುದೇ ಇಲ್ಲ. 70 ಬಂದವಳಿಗೂ 95 ಬಂದವಳಿಗೂ ಅದೇ ಗತಿ. ನಿನ್ನ ನಿಯಮ ಕಟ್ಟುನಿಟ್ಟಿನದೇ ಇರಬಹುದು, ಆದರೆ ಎಷ್ಟು ಅಂಕ ಬೇಕು, ಯಾವ ದಿನ ನೋಡುತ್ತಾರೆ, ಯಾವಾಗ ವಾಪಸು ಬರಬಹುದು ಎಂಬುದನ್ನೆಲ್ಲ ಮುಂಚೆಯೇ ಹೇಳಿಬಿಟ್ಟಿದೆ. ಮೂರು ವಾರದ ಕೊನೆಗೆ ಎಲ್ಲ ವಿಷಯದಲ್ಲೂ 70 ಇದ್ದರೆ, ಏಳು ದಿನ ಕಳೆದ ಮೇಲೆ ಬಾಗಿಲು ತೆರೆಯಲೇಬೇಕು. ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹಾಗೆ ವಾಪಸು ಬರುವ ದಿನ ಗೊತ್ತುಮಾಡಿ ಕೊಟ್ಟದ್ದನ್ನು ನಾನು ಕಾಣೆ. ಇಲ್ಲಿನ ಪಾಲಕರಿಗೆ ಇದನ್ನು ಎಷ್ಟು ಸಾರಿ ಹೇಳಿದ್ದೇನೋ, ಇನ್ನೂ ಹೇಳುತ್ತಲೇ ಇದ್ದೇನೆ.

ವಾಪಸು ಬರುವ ಮಾತಿಗೆ ಒಂದು ಉದಾಹರಣೆ ಹೇಳುತ್ತೇನೆ. ನಿನ್ನ ಅಪ್ಪನಿಗೆ ಕ್ರಿಕೆಟ್ ಹುಚ್ಚು, ಎರಪಳ್ಳಿ ಪ್ರಸನ್ನ ಅವರ ಬಗ್ಗೆ ಕೇಳಿ ನೋಡು. 1962ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರು, ಅದೇ ವರ್ಷ ವೆಸ್ಟ್ ಇಂಡೀಸಿಗೂ ಹೋಗಿ ಬಂದರು. ಆಮೇಲೆ ಎಂಜಿನಿಯರಿಂಗ್ ಓದು ಮುಗಿಸಲು ಕೂತರು. ಅವರು ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಸ್ಪಿನ್ ಬೌಲರನೊಬ್ಬನ ಹರೆಯದ ಸುಮಾರು ಐದು ವರ್ಷ! ಹಿಂದಿರುಗಿ ಬಂದ ಮೇಲೆ ಬೇಡಿ, ಚಂದ್ರಶೇಖರ್, ವೆಂಕಟರಾಘವನ್ ಅವರ ಜೊತೆ ಸೇರಿ ಜಗತ್ತೇ ನೆನಪಿಟ್ಟುಕೊಳ್ಳುವಂಥ ಬೌಲಿಂಗ್ ಮಾಡಿದರು. ಕುಂಬ್ಳೆ, ಶ್ರೀನಾಥ್ ಕೂಡ ಎಂಜಿನಿಯರಿಂಗ್ ಓದಿದವರೇ. ಎಲ್ಲರೂ ಅವರ ಹಾಗೇ ಓದಬೇಕು ಎಂದು ಇದನ್ನು ಬರೆದೆ ಅಂದುಕೊಳ್ಳಬೇಡ. ಕಣದಿಂದ ಸ್ವಲ್ಪ ಕಾಲ ಹೊರಗಿದ್ದವರೂ ಹಿಂದಿರುಗಬಹುದು, ಹಿಂದಿರುಗಿ ಮೊದಲಿಗಿಂತ ಚೆನ್ನಾಗಿ ಆಡಬಹುದು ಎಂದಷ್ಟೇ ನನ್ನ ಮಾತು.

ಇನ್ನು ಈ ಮೂರು ವಾರದ ಕೆಲಸ.

ಮೊದಲನೆಯದು, ನಿಮ್ಮ ಕೆಮಿಸ್ಟ್ರಿ ಟೀಚರಿಗೆ ಪತ್ರ ಬರೆದು ನಾಲ್ಕು ಅಂಕ ಕೇಳುವ ಯೋಚನೆ ನಿನ್ನ ಅಮ್ಮನಿಗೆ ಬಂದಿದೆ. ಬೇಡ ಎಂದು ನಾನು ಅವಳಿಗೂ ಹೇಳಿದ್ದೇನೆ. ಕೂಡಿಸುವಾಗ ತಪ್ಪಾಗಿದ್ದರೆ, ಮನಸ್ಸಿಗೆ ಬಂದಂತೆ ಅಂಕ ಹಾಕಿದ್ದರೆ, ಶಾಲೆಯ ಅಂಕ ನೀತಿಗೆ ಅದು ಹೊಂದದಿದ್ದರೆ ಮಾತ್ರ ತಿದ್ದಬಹುದು ಎಂದು ಅಲ್ಲಿನ ಕಾನೂನೇ ಹೇಳುತ್ತದೆ. ನಿನ್ನ ಉತ್ತರ ಪತ್ರಿಕೆ ಕೇಳಿ ನೋಡು, ಅದು ನಿನ್ನ ಹಕ್ಕು. ತಪ್ಪಿದ್ದರೆ ವಿನಯದಿಂದ ತೋರಿಸು. ಇಲ್ಲದಿದ್ದರೆ 66 ಅನ್ನು 66 ಎಂದೇ ಒಪ್ಪಿಕೋ. ಕೇಳಿ ಪಡೆದ ನಾಲ್ಕು ಅಂಕದಿಂದ ಮೋಲ್ ಲೆಕ್ಕ ಬರುವುದಿಲ್ಲ. ಮುಂದಿನ ಅಧ್ಯಾಯಗಳೆಲ್ಲ ಅದರ ಮೇಲೇ ನಿಂತಿವೆ.

ಎರಡನೆಯದು, ಎಪಿ ಮತ್ತು ಆನರ್ಸ್ ಎಂಬ ಮೇಲ್ಮಟ್ಟದ ತರಗತಿಗಳಲ್ಲಿ ಕಡಿಮೆ ಬಂದವರಿಗೆ ವಿನಾಯಿತಿ ಕೊಡಲು ಅವಕಾಶವಿದೆ, ನಿನ್ನ ಸಾಮಾನ್ಯ ಕೆಮಿಸ್ಟ್ರಿಗೆ ಅದಿಲ್ಲ. ಗೆಳತಿಗೆ ಸಿಕ್ಕಿತು, ತನಗಿಲ್ಲ ಎಂದು ನೀನು ಅತ್ತೆಯಂತೆ. ಕಷ್ಟದ ವಿಷಯ ಆರಿಸಿಕೊಳ್ಳಲು ಮಕ್ಕಳು ಹೆದರಬಾರದು ಎಂದೇ ಆ ವಿನಾಯಿತಿ ಇಟ್ಟಿದ್ದಾರೆ, ಅದು ಒಳ್ಳೆಯದೇ. ಆದರೆ ನಿನ್ನಂತೆ ಸಾಮಾನ್ಯ ತರಗತಿಯಲ್ಲೇ ಒದ್ದಾಡುವ ಮಗುವಿನ ಕಷ್ಟವೂ ಕಷ್ಟವೇ. ಅದಕ್ಕೆ ವಿನಾಯಿತಿ ಇಲ್ಲದಿದ್ದರೆ ಬೇಡ, ಸಹಾಯವಂತೂ ಬೇಕೇ ಬೇಕು. ಆದ್ದರಿಂದ ಶಾಲೆಯಲ್ಲಿ ಟ್ಯುಟೋರಿಯಲ್ ಯಾವ ಹೊತ್ತಿಗೆ ನಡೆಯುತ್ತದೆ ಎಂದು ನಾಳೆಯೇ ವಿಚಾರಿಸು. ಅಲ್ಲಿ ಹೋಗಿ ಕೂರುವುದರಲ್ಲಿ ಅವಮಾನವೇನಿಲ್ಲ. ನಾನು ಮೇಷ್ಟ್ರಾಗಿದ್ದಾಗ ನನಗೆ ಬಲು ಇಷ್ಟವಾಗುತ್ತಿದ್ದವರು ಗಂಟೆ ಹೊಡೆದ ಮೇಲೂ ಪುಸ್ತಕ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ ಮಕ್ಕಳು.

ಮೂರನೆಯದು, ಉಳಿದ ವಿಷಯಗಳನ್ನು ಮರೆಯಬೇಡ. ಕೆಮಿಸ್ಟ್ರಿಯನ್ನು 75ಕ್ಕೆ ಏರಿಸಿ ಇಂಗ್ಲಿಷಿನಲ್ಲಿ 68ಕ್ಕೆ ಇಳಿದರೆ ಬಾಗಿಲು ತೆರೆಯುವುದಿಲ್ಲ. ಸಮಯ ಸಾಲದು ಅನ್ನಿಸಿದರೆ ಇನ್ನೊಂದು ನಿಯಮವನ್ನೂ ನೆನಪಿಡು: ಶಾಲಾ ವಾರದಲ್ಲಿ ತರಗತಿಯ ಹೊತ್ತಿನ ಹೊರಗೆ ಒಂದು ಚಟುವಟಿಕೆಯ ಅಭ್ಯಾಸ ಎಂಟು ಗಂಟೆ ಮೀರುವಂತಿಲ್ಲ. ಅದು ನಿಮ್ಮ ಬ್ಯಾಂಡ್ ಮೇಷ್ಟ್ರಿಗೆ ಹಾಕಿದ ಗೆರೆ. ನಿನ್ನ ಓದಿನ ಹೊತ್ತನ್ನು ಕಾಯುವುದಕ್ಕೆಂದೇ ಹಾಕಿದ್ದು.

ನಾಲ್ಕನೆಯದು ನನ್ನ ಕೆಲಸ. ನಿನ್ನ ಭಾನುವಾರ ಬೆಳಗಿನ ಎಂಟು ಗಂಟೆ ಎಂದರೆ ನನಗೆ ಸಂಜೆ ಆರೂವರೆ. ಹಲಗೆ, ಸೀಮೆಸುಣ್ಣ ಎರಡೂ ಇಲ್ಲೇ ಇವೆ. ಮೋಲ್ ಲೆಕ್ಕವನ್ನು ಕನ್ನಡದಲ್ಲಿ ಹೇಳಿಕೊಡುತ್ತೇನೆ, ನೀನು ಇಂಗ್ಲಿಷಿನಲ್ಲಿ ಬರೆದು ತೋರಿಸು. ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದು ಎಷ್ಟು ಸಾರಿ ಬೇಕಾದರೂ ಹೇಳು. ಅಜ್ಜನಿಗೆ ಬೇಜಾರಾಗುವುದಿಲ್ಲ.

ಆಡುವುದು ಮೂಲಭೂತ ಹಕ್ಕಲ್ಲ ಎಂದು ಕೋರ್ಟು ಹೇಳಿತು, ಕಾನೂನಿನ ಲೆಕ್ಕದಲ್ಲಿ ಅದು ಸರಿಯಿರಬಹುದು. ಆದರೆ ಶಾಲೆ ನಡೆಸುವವರು, ಮನೆಯ ಹಿರಿಯರು ಆ ತೀರ್ಪನ್ನು ಮಗುವಿನ ಮುಖಕ್ಕೆ ಹಿಡಿಯಬಾರದು. ಆಟ, ಹಾಡು, ನಾಟಕ ಚೆನ್ನಾಗಿ ಓದಿದ್ದಕ್ಕೆ ಕೊಡುವ ಬಹುಮಾನವಲ್ಲ. ಅವೂ ಓದೇ. ಎಲ್ಲರ ಜೊತೆ ಹೆಜ್ಜೆ ಹಾಕುವುದು, ಪಕ್ಕದವಳ ಉಸಿರಿಗೆ ತನ್ನ ಉಸಿರು ಹೊಂದಿಸುವುದು, ಸೋತ ದಿನ ವಾದ್ಯ ಒರೆಸಿಡುವುದು, ಇವನ್ನು ಯಾವ ಕೆಮಿಸ್ಟ್ರಿ ಪುಸ್ತಕವೂ ಕಲಿಸದು. ಹಾಗೆಯೇ 70 ಎಂಬ ಗೆರೆಯನ್ನು ನೀನು ಶತ್ರು ಎಂದುಕೊಳ್ಳಬೇಡ. ಅದು ಶಾಲೆಗೆ, ಮನೆಗೆ, ನಿನಗೆ ಒಟ್ಟಿಗೇ ಒಂದು ಸೂಚನೆ ಕೊಟ್ಟಿದೆ: ಈ ಹುಡುಗಿಗೆ ಇಲ್ಲಿ ಕೈಹಿಡಿಯುವವರು ಬೇಕು ಎಂದು. ಆ ಸೂಚನೆ ಮಾರ್ಚಿನಲ್ಲಿ ಬರುವ ಬದಲು ಅಕ್ಟೋಬರಿನಲ್ಲೇ ಬಂತು. ಇನ್ನೂ ಇಡೀ ವರ್ಷ ಕೈಯಲ್ಲಿದೆ.

ಸ್ಪರ್ಧೆಯ ದಿನವೂ ಹೋಗು. ಗೆಳತಿಯರಿಗೆ ನೀರು ಕೊಡು, ಟೋಪಿಯ ಗರಿ ಸರಿಮಾಡು, ಅವರು ಮೈದಾನಕ್ಕೆ ಇಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟು. ಅಳು ಬಂದರೆ ಅಳು, ಆದರೆ ಅಲ್ಲಿಯೇ ಇದ್ದು ಅಳು. ಮೂರು ವಾರದ ಮೇಲೆ ನಿನ್ನ ಡಾಟ್‌ಗೆ ನಡೆದು ಹೋಗುವಾಗ ಯಾರೂ ನಿನಗೆ ಹೆಜ್ಜೆ ನೆನಪಿಸುವಂತಾಗಬಾರದು.

ಅಪ್ಪ ಅಮ್ಮನಿಗೆ ನನ್ನ ಆಶೀರ್ವಾದ ತಿಳಿಸು. ಅಜ್ಜಿ ನಿನಗೆಂದು ಹಲಸಿನ ಹಪ್ಪಳ ಕಟ್ಟಿ ಇಟ್ಟಿದ್ದಾಳೆ, ಬರುವವರ ಕೈಯಲ್ಲಿ ಕಳಿಸುತ್ತೇವೆ. ಭಾನುವಾರ ಪುಸ್ತಕ ಹಿಡಿದು ಕೂತಿರು, ಲೆಕ್ಕ ಶುರುಮಾಡೋಣ.

ಇಂತಿ ನಿನ್ನ ಪ್ರೀತಿಯ
ಅಜ್ಜ