ಮೊದಲ ಓಟಕ್ಕೇ ಮರುಳಾಗಬೇಡಿ

ಬೆಂಗಳೂರಿನ ರೇಸು ನೋಡಿ ಬೆಳೆದು ಈಗ ಇಂಗ್ಲೆಂಡಿನಲ್ಲೋ ಐರ್ಲೆಂಡಿನಲ್ಲೋ ನೆಲೆಸಿದವರಿಗೆ ಈ ಮಾತು. ಅಲ್ಲಿ ಅಕ್ಟೋಬರಿನಿಂದ ರಂಗೇರುವ, ಕುದುರೆಗಳು ಬೇಲಿ ಹಾರುವ ಜಂಪ್ ರೇಸುಗಳನ್ನು ಇಲ್ಲಿಯ ಲೆಕ್ಕದಲ್ಲಿ ಅಳೆಯಬೇಡಿ. ನಮ್ಮಲ್ಲಿ ಕುದುರೆ ಎರಡು ವರ್ಷಕ್ಕೇ ಓಡಲಿಳಿಯುತ್ತದೆ. ಜಂಪ್ ಕುದುರೆಗಳಲ್ಲಿ ಅನೇಕವು ಕಣಕ್ಕೆ ಬರುವುದೇ ನಾಲ್ಕೈದರ ಪ್ರಾಯದಲ್ಲಿ. ಹಲವು ಮೊದಲು ಬೇಲಿಯೇ ಇಲ್ಲದ 'ಬಂಪರ್' ಓಟ ಓಡುತ್ತವೆ, ಆಮೇಲೆ ಕನಿಷ್ಠ ಮೂರೂವರೆ ಅಡಿಯ ಹರ್ಡಲ್, ಕೊನೆಗೆ ಕನಿಷ್ಠ ನಾಲ್ಕೂವರೆ ಅಡಿಯ ಫೆನ್ಸ್.

ಋತುವಿನ ಆರಂಭದಲ್ಲಿ ಎಲ್ಲ ತರಬೇತುದಾರರ ಲಾಯದಲ್ಲೂ ಒಬ್ಬ ಚಾಂಪಿಯನ್ ಇರುತ್ತಾನೆ, ಅವರ ಬಾಯಲ್ಲಿ! ನೀವು ನೋಡಬೇಕಾದ್ದು ಹಾರುವ ರೀತಿ. ಬೇಲಿ ಹತ್ತಿರವಾದಾಗ ಕುದುರೆ ತಾನೇ ಹೆಜ್ಜೆ ಹೊಂದಿಸಿಕೊಂಡಿತೇ? ಇಳಿದ ಮೇಲೆ ವೇಗ ಕಳೆದುಕೊಂಡಿತೇ? ಕೊನೆಯ ಏರಿನಲ್ಲಿ ಇನ್ನೂ ಕಸುವಿತ್ತೇ? ಎಷ್ಟು ಅಂತರದಿಂದ ಗೆದ್ದಿತು ಎನ್ನುವುದಕ್ಕಿಂತ ಇವು ಮುಖ್ಯ. ನೆಲವನ್ನೂ ಗಮನಿಸಿ: ಶರತ್ಕಾಲದ ಮೊದಲಲ್ಲಿ ಅದು ಗಟ್ಟಿಯಾಗಿದ್ದರೆ, ಭಾರೀ ಮೈಯ ಒಳ್ಳೆಯ ಕುದುರೆಗಳನ್ನು ಮಳೆ ಬೀಳುವವರೆಗೂ ಹೊರಗೇ ತರುವುದಿಲ್ಲ.

ಮೊದಲ ಓಟದಲ್ಲಿ ಸೋತ ಕುದುರೆಯನ್ನು ಕೈಬಿಡಲೂ ಬೇಡಿ. ಐರ್ಲೆಂಡಿನ ಆರ್ಕಲ್ ತನ್ನ ಮೊದಲ ಎರಡು ಬಂಪರ್‌ಗಳಲ್ಲೂ ಗೆಲ್ಲಲಿಲ್ಲ. ಅದೇ ಕುದುರೆ 1964, 1965, 1966ರಲ್ಲಿ ಸತತವಾಗಿ ಜಂಪ್ ರೇಸಿನ ದೊಡ್ಡ ಪ್ರಶಸ್ತಿಯಾದ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ ಗೆದ್ದಿತು.

ಸದ್ಯಕ್ಕೆ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಕ್ರಿಸ್‌ಮಸ್‌ವರೆಗಾದರೂ ಹಣ ಜೇಬಿನಲ್ಲೇ ಇರಲಿ.